ಮನೆಯವರಿಗಿಲ್ಲದ ಔಷಧ

ರಾಜೂರಿನ ಗುರಪ್ಪನವರು ಕಾಗೆಹಣ್ಣಿನ ಗಿಡವನ್ನು ಹಣ್ಣುಸಮೇತ ಜಜ್ಜಿ, ರಸ ಹಿಂಡಿ, ಕೊಣ್ಣೂರಿನಿಂದ ನಾನು ಕರೆತಂದಿದ್ದ ತಮ್ಮನ ಬಾಯಿಗೆ ಹಿಡಿದರು. ಅವನಿಗೆ ಕಾಮಣಿಯಾಗಿತ್ತು. ಕಂಬಕ್ಕೊರಗಿ ಕೂತಿದ್ದ ಅವರ ಮಗಳು ಗಂಗವ್ವ ಆ ಬಟ್ಟಲನ್ನೇ ನೋಡುತ್ತಿದ್ದಳು. ಅವಳ ಕಣ್ಣು ತಮ್ಮನ ಕಣ್ಣಿಗಿಂತ ಹಳದಿಯಾಗಿತ್ತು. ದವಾಖಾನೆಯವರು ಅವಳನ್ನು ಕೈಬಿಟ್ಟು ಮನೆಗೆ ಕಳಿಸಿದ್ದರು.

“ಆಕಿಗೂ ಒಂದ ಗುಟುಕ ಕೊಡ್ರಿ, ಕಾಕಾ,” ಎಂದೆ.

“ಮನಿಯವರಿಗೆ ಕೊಟ್ರ ಔಷಧದ ಗುಣಾನ ಹೋಗ್ತೈತ್ರಿ. ಆಮ್ಯಾಲೆ ಯಾರಿಗೂ ನಾಟಂಗಿಲ್ಲ. ಗುರುಗಳಿಗೆ ಮಾತ ಕೊಟ್ಟೀನಿ.”

“ಯಪ್ಪಾ, ನಾ ಕೊಣ್ಣೂರಾಗರ ಹುಟ್ಟಬೇಕಿತ್ತು ನೋಡ,” ಎಂದಳು ಗಂಗವ್ವ. ಹಾಗೆಂದು ನಕ್ಕಳೆಂದು ನನ್ನ ನೆನಪು. ಅಳುತ್ತಿದ್ದಳೆಂದು ತಮ್ಮ ಹೇಳುತ್ತಾನೆ. ಈಗ ನನಗೂ ಖಚಿತವಿಲ್ಲ.

ತಮ್ಮ ಗುಣವಾದ. ಗಂಗವ್ವ ಆ ಶ್ರಾವಣ ಕಾಣಲಿಲ್ಲ.

ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವನು ನಾನು. ತಮ್ಮ ತಾನಾಗಿಯೇ ಚೇತರಿಸಿಕೊಂಡ, ಯಕೃತ್ತನ್ನು ಕಾಯುವಂಥದ್ದು ಆ ಹಣ್ಣಿನಲ್ಲಿ ಏನೂ ಇಲ್ಲ ಎಂದು ಇಂದಿಗೂ ವಾದಿಸುತ್ತೇನೆ. ಇದೆಯೆಂದರೆ, ಗಂಗವ್ವ ಆ ಬಟ್ಟಲಿನ ಪಕ್ಕದಲ್ಲೇ ಕೂತು ಸತ್ತಳೆಂದು ಒಪ್ಪಬೇಕಾಗುತ್ತದೆ. ಗುರಪ್ಪನವರು ಅದನ್ನು ಒಪ್ಪಿಕೊಂಡೇ, ಬಂದವರಿಗೆಲ್ಲ ಇನ್ನೂ ರಸ ಹಿಂಡಿ ಕೊಡುತ್ತಿದ್ದಾರೆ.