ಹಿತ್ತಲಿನ ಓತಿಕ್ಯಾತಗಳ ಮೋಜಣಿ

ಮೂವತ್ತು ವರ್ಷ ಊರವರ ಹೊಲ ಅಳೆದ ನನಗೆ ನಿವೃತ್ತಿಯ ನಂತರ ಅಳೆಯಲು ಉಳಿದದ್ದು ನಮ್ಮ ಹಿತ್ತಲೊಂದೇ. ಲಿಂಗಸುಗೂರಿನಲ್ಲಿ, ಆಮೇಲೆ ಸಿಂಧನೂರಿನಲ್ಲಿ ಮೋಜಣಿ ಕೆಲಸ ಮಾಡಿದವನು ನಾನು. ಮಸ್ಕಿಯ ಗುಡ್ಡದ ಬುಡದಲ್ಲಿ, ಮುಕ್ಕುಂದದ ಗದ್ದೆಗಳಲ್ಲಿ ಸರಪಳಿ ಎಳೆಸಿ ಹೊಲದ ಗಡಿಗೆ ಬಾಂದುಕಲ್ಲು ನೆಡಿಸಿದ್ದೇನೆ. ಅಂಥವನು ಎರಡು ವರ್ಷದ ಹಿಂದೆ, ಬೇಸಿಗೆಯ ಒಂದು ಮುಂಜಾನೆ, ಮೂವತ್ತು ಅಡಿ ಉದ್ದದ ಹಿತ್ತಲಿಗೆ ಗೂಟ ಹೊಡೆದು ಟೇಪು ಹಿಡಿದು ನಿಂತಾಗ ಹೆಂಡತಿ ನಕ್ಕಳು. ಹಿತ್ತಲು ಎಲ್ಲಿಗೂ ಓಡಿಹೋಗುವುದಿಲ್ಲ ಎಂದಳು. ನಾನು ಅಳೆಯಲು ಹೊರಟಿದ್ದು ಓಡಿಹೋಗುವವರನ್ನೇ ಎಂದೆ.

ನಮ್ಮ ಓಣಿಯಲ್ಲಿ ಮಣ್ಣು ಉಳಿದಿರುವ ಹಿತ್ತಲು ನಮ್ಮದೊಂದೇ. ಉಳಿದವರೆಲ್ಲ ಕಸದ ಕಾಟ ತಪ್ಪಲಿ ಎಂದು ಪರ್ಸಿ ಕಲ್ಲು ಹಾಸಿಕೊಂಡಿದ್ದಾರೆ. ಕಾಂಪೌಂಡಿನ ಆಚೆ ಭತ್ತದ ಗದ್ದೆ, ಅಲ್ಲಿ ಬೆಳೆ ಇದ್ದಾಗ ಔಷಧ ಹೊಡೆಯುವ ಪಂಪಿನ ಸದ್ದು ನಿಂತ ವಾರವಿಲ್ಲ. ಹೀಗಾಗಿ ಓತಿಕ್ಯಾತಗಳಿಗೆ ನಮ್ಮ ಕರಿಬೇವು, ದಾಸವಾಳ, ಪೇರಲ ಗಿಡ ಬಿಟ್ಟರೆ ಬೇರೆ ಠಿಕಾಣಿ ಇರಲಿಲ್ಲ. ಹುಡುಗನಾಗಿದ್ದಾಗ ಇವಕ್ಕೆ ಕಲ್ಲು ಹೊಡೆದವನು ನಾನು. ಬಾಯಿಗೆ ತಂಬಾಕು ತುರುಕಿ, ಅವು ತೂರಾಡುವುದನ್ನು ನೋಡಿ ಕುಣಿದವನು. ವಯಸ್ಸಾದಂತೆ ಅದು ನೆನಪಾಗಿ ಊಟದ ನಡುವೆಯೂ ಮನಸ್ಸು ಕಹಿಯಾಗುತ್ತಿತ್ತು. ಈಗ ಎಷ್ಟು ಉಳಿದಿವೆ, ಮುಂದೆ ಉಳಿಯುತ್ತವೆಯೋ ಇಲ್ಲವೋ, ಅಷ್ಟು ತಿಳಿದುಕೊಳ್ಳಬೇಕಿತ್ತು. ಉಳಿಯಲಿ ಎಂಬ ಆಸೆಯೂ ಇತ್ತು. ಆಸೆಯೇ ಹೆಚ್ಚಾಗಿತ್ತು.

ಎಣಿಸುವುದು ಸುಲಭವಲ್ಲ. ಕರಿಬೇವಿನ ಮೇಲೆ ಕಂಡದ್ದೇ ಗೋಡೆಯ ಮೇಲೆ ಮತ್ತೆ ಕಂಡಿತೋ, ಇಲ್ಲ ಅದು ಬೇರೆಯೋ? ನಮ್ಮ ಕೆಲಸದಲ್ಲಿ ಇದಕ್ಕೆ ಒಂದೇ ಉಪಾಯ, ಗುರುತು ಹಾಕುವುದು. ಜೋಳದ ದಂಟಿನ ತುದಿಗೆ ನೂಲಿನ ಕುಣಿಕೆ ಕಟ್ಟಿ ಒಂದೊಂದನ್ನೇ ಹಿಡಿದೆ. ಕಿಟಕಿಗೆ ಹಚ್ಚಿ ಉಳಿದಿದ್ದ ಬಿಳಿ ಬಣ್ಣದಲ್ಲಿ ಬೆನ್ನ ಮೇಲೆ ಚುಕ್ಕೆ ಇಟ್ಟೆ. ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಐದಾದ ಮೇಲೆ ಅಡ್ಡಗೀರು.

ಹೆಂಡತಿ ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಕೇಳಿದಳು. “ಬಣ್ಣ ಯಾಕ ಹಚ್ಚಾಕತ್ತೀರಿ? ತನ್ನ ಮೈಬಣ್ಣ ತಾನ ಬದಲಿ ಮಾಡಿಕೊಂಡು ಅಡಗೋ ಜೀವ ಅದು.”

“ಗುರ್ತು ಅಂದ್ರ ದೂರದಿಂದ ಕಾಣಬೇಕು. ಕಾಣದಿದ್ರ ಅದೆಂಥಾ ಗುರ್ತು?” ಎಂದೆ.

ಬಾಂದುಕಲ್ಲಿಗೆ ಸುಣ್ಣ ಬಳಿಸುವಾಗ ಕೈಕೆಳಗಿನವರಿಗೆ ನಾನು ಹೇಳುತ್ತಿದ್ದ ಮಾತೇ ಅದು. ಅವಳು ಮತ್ತೆ ಬಟ್ಟೆಗೆ ಕೈ ಹಾಕಿದಳು.

ಒಟ್ಟು ಹನ್ನೊಂದು ಸಿಕ್ಕವು. ಒಂದು ನೋಟ್‌ಪುಸ್ತಕದಲ್ಲಿ ಒಂದೊಂದಕ್ಕೂ ಒಂದೊಂದು ಪುಟ, ಕಂಡ ಜಾಗದ ಅಳತೆ, ಹೊತ್ತು, ಪಕ್ಕದಲ್ಲಿ ನಕಾಶೆ. ನನಗೆ ಪ್ರೀತಿಯಾದದ್ದು ಮೂರು ಚುಕ್ಕೆಯವಳು. ದಿನಾ ಬಿಸಿಲೇರುವ ಹೊತ್ತಿಗೆ ಒಗೆಯುವ ಕಲ್ಲಿನ ಮೇಲೆ ಬಂದು ಕೂತು, ನಾನು ಬರೆಯುವುದನ್ನು ಒಂದೇ ಕಣ್ಣಲ್ಲಿ ನೋಡುತ್ತಿದ್ದಳು. ಪೊರೆ ಬಿಟ್ಟಾಗ ಚುಕ್ಕೆಗಳೂ ಕಳಚಿ ಬೀಳುತ್ತಿದ್ದವು. ಆಗ ಮತ್ತೆ ಹಿಡಿದು ಮತ್ತೆ ಹಚ್ಚುತ್ತಿದ್ದೆ. ಒಮ್ಮೆ ಪುಸ್ತಕವನ್ನು ಲಿಂಗಸುಗೂರಿಗೆ ಒಯ್ದು ಹಳೆಯ ಜೊತೆಗಾರನೊಬ್ಬನಿಗೆ ತೋರಿಸಿದೆ. ಕಚೇರಿಯಲ್ಲಿದ್ದಾಗ ನಾನು ಇಷ್ಟು ಚಂದ ಬರೆದಿರಲಿಲ್ಲ ಎಂದು ಅವನು ಚೇಷ್ಟೆ ಮಾಡಿದ. ವಾಪಸ್ ಬರುವಾಗ ಮಸ್ಕಿ ದಾಟುವವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಮ್ಮೆಯಿಂದ ಕೂತಿದ್ದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಗುರುತು ಹಾಕಿದ ಹನ್ನೊಂದರಲ್ಲಿ ಆರು ಕಾಣದಾದವು. ಮೋಜಣಿಯಲ್ಲಿ ಕಲ್ಲು ಸಿಗದಿದ್ದರೆ ‘ಸ್ಥಳದಲ್ಲಿಲ್ಲ’ ಎಂದು ಬರೆಯುತ್ತೇವೆ. ಆರು ಪುಟದಲ್ಲಿ ಹಾಗೇ ಬರೆದೆ. ಸಿಟ್ಟು ನೆತ್ತಿಗೇರಿ, ಕಾಂಪೌಂಡಿನ ಮೇಲಿಂದ ಗದ್ದೆಯವನನ್ನು ಬಾಯಿಗೆ ಬಂದಂತೆ ಬೈದೆ. ಅವನು, ಈ ಸಲ ಇನ್ನೂ ಸಸಿಯನ್ನೇ ಹಚ್ಚಿಲ್ಲ, ಔಷಧ ಯಾತಕ್ಕೆ ಹೊಡೆಯಲಿ ಎಂದ. ನಿಜ, ಗದ್ದೆ ಬರಿದಾಗಿತ್ತು. ಆದರೂ ನಾನು ನಂಬಲಿಲ್ಲ.

ಮೂರು ಚುಕ್ಕೆಯವಳ ಹೊಟ್ಟೆ ಆಗ ಮೊಟ್ಟೆಗಳಿಂದ ಉಬ್ಬಿತ್ತು. ಕರಿಬೇವಿನ ಬುಡದ ಮೆತ್ತನೆ ಮಣ್ಣನ್ನು ಎರಡು ಸಲ ಕೆದರಿ ನೋಡಿದ್ದಳು. ಅಲ್ಲಿ ಯಾರೂ ತುಳಿಯಬಾರದೆಂದು ಸುತ್ತ ನಾಲ್ಕು ಗೂಟ ನೆಟ್ಟು ಕಾಯುತ್ತಿದ್ದೆ. ಅವಳು ಮೊಟ್ಟೆ ಇಟ್ಟರೆ ಹೋದ ಆರರ ಲೆಕ್ಕ ತುಂಬುತ್ತದೆ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಕಾಂಪೌಂಡಿನ ಮೇಲೆ ಕೆಂಬೂತ ಬಂದು ಕೂತಿತು. ಮುಂಜಾನೆ ಅದನ್ನು ಕಂಡರೆ ಹಿಡಿದ ಕೆಲಸ ಆಗುತ್ತದೆ ಎಂದು ನಮ್ಮಲ್ಲಿ ಕೈಮುಗಿಯುತ್ತಾರೆ. ಹೆಂಡತಿ ಕೈಮುಗಿದಳು. ನಾನೂ ಪೆನ್ನು ಹಿಡಿದ ಕೈಯಲ್ಲೇ ಮುಗಿದೆ. ಹಕ್ಕಿ ಅತ್ತಿತ್ತ ಹುಡುಕಲಿಲ್ಲ. ಗೋಡೆಯಿಂದ ಇಳಿದು ನೇರ ಒಗೆಯುವ ಕಲ್ಲಿಗೆ ನಡೆಯಿತು. ನಾನು ಎದ್ದು ಕೂಗುವಷ್ಟರಲ್ಲಿ ಅವಳು ಅದರ ಕೊಕ್ಕಿನಲ್ಲಿದ್ದಳು. ಹಕ್ಕಿ ಅವಳನ್ನು ಕಲ್ಲಿಗೆ ಬಡಿಯುವಾಗ ಮೂರು ಚುಕ್ಕೆಗಳು ಹತ್ತು ಹೆಜ್ಜೆ ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಆರನ್ನೂ ಯಾರು ಒಯ್ದರು, ಯಾರು ತೋರಿಸಿಕೊಟ್ಟರು ಎಂಬುದು ಆಗ ತಿಳಿಯಿತು. ಪೊರೆ ಬಿಟ್ಟಾಗಲೆಲ್ಲ ಅವು ನನ್ನ ಬಣ್ಣದಿಂದ ಪಾರಾಗುತ್ತಿದ್ದವು. ನಾನು ಮತ್ತೆ ಮತ್ತೆ ಹಿಡಿದು ಹಚ್ಚಿದೆ. ಹೆಂಡತಿ ಬಂದು ಕಲ್ಲಿನ ಮೇಲೆ ನೀರು ಸುರಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಾಲ್ಕು ಉಳಿದಿದ್ದವು. ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಬಣ್ಣ ಒರೆಸಿಬಿಡೋಣ ಎಂದು ದಂಟು ಹಿಡಿದು ಹೊರಟೆ. ಆದರೆ ಕುಣಿಕೆಯ ರುಚಿ ಕಂಡಿದ್ದ ಜೀವಗಳು ಅವು. ನನ್ನ ನೆರಳು ಬಿದ್ದರೆ ಸಾಕು, ಗಿಡದಿಂದ ಗಿಡಕ್ಕೆ, ಬಯಲಿಗೆ ಓಡಿದವು. ಅಡಗಿ ಕೂತಿದ್ದವನ್ನೂ ನಾನೇ ಹೊರಗೆ ಎಬ್ಬಿಸಿದಂತಾಯಿತು. ಎರಡು ದಿನದ ನಂತರ ದಂಟು ಮುರಿದು ಒಲೆಗೆ ಹಾಕಿದೆ. ದಸರೆಯ ಹೊತ್ತಿಗೆ ನಾಲ್ಕೂ ಇರಲಿಲ್ಲ. ಆಮೇಲೆ ಹೊಸದು ಯಾವುದೂ ಬರಲಿಲ್ಲ. ಬರುವುದಾದರೂ ಎಲ್ಲಿಂದ?

ಬಾಂದುಕಲ್ಲು ಯಾರಾದರೂ ಕಿತ್ತರೆ ಪುಸ್ತಕದ ಅಳತೆ ಹಿಡಿದು ಅದೇ ಜಾಗದಲ್ಲಿ ಮತ್ತೆ ನೆಡಬಹುದು. ನಮ್ಮ ಕೆಲಸಕ್ಕೆ ಬೆಲೆ ಇರುವುದೇ ಅದಕ್ಕಾಗಿ. ಹೋದ ತಿಂಗಳು ಏನೆನ್ನಿಸಿತೋ, ಮೂರು ಚುಕ್ಕೆಯವಳ ಪುಟ ತೆಗೆದು, ಟೇಪಿನ ಒಂದು ತುದಿಯನ್ನು ಗೋಡೆಯ ಮೂಲೆಯಲ್ಲಿ ಹಿಡಿ ಎಂದು ಹೆಂಡತಿಗೆ ಕೊಟ್ಟೆ. ಗೋಡೆಯಿಂದ ಒಂಬತ್ತು ಅಡಿ ನಾಲ್ಕು ಇಂಚು. ಅಳತೆ ಸರಿಯಾಗಿ ಒಗೆಯುವ ಕಲ್ಲಿನ ನಡುವೆ ಬಂದು ನಿಂತಿತು. ಕಲ್ಲಿನ ಮೇಲೆ ಬಿಸಿಲು ಬಿದ್ದಿತ್ತು.

“ಸಿಕ್ತೇನ್ರಿ ಜಾಗ?” ಎಂದು ಕೇಳಿದಳು.

ಸಿಕ್ಕಿತು ಎಂದೆ.