ತೆರೆಯದ ಪುಟ, ಚಿಕ್ಕವ್ವನ ದಡಿ

ಫೋನಿನಾಚೆ ಕುಳಿತ ಯಾರೋ ಒಬ್ಬ ‘ಅದು ಹೋಯಿತು’ ಎಂದರೆ ‘ಹೌದಾ, ಆಯಿತು’ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ತೆಲುಗು ಸೀಮೆಯ ಮಕ್ತಲ್‌ನಿಂದ ದಿನಾ ಬಸ್ಸಿನಲ್ಲಿ ನಾರಾಯಣಪೇಟೆಗೆ ಬಂದು ನೇಕಾರರ ಸಂಘದ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಮನೆಯವರು ಇದನ್ನು ಕುಂತು ಮಾಡುವ ಕೆಲಸ ಅನ್ನುತ್ತಾರೆ. ಆ ದಸರೆ ಮುಗಿದ ಮೇಲೆ ನಾನು ಕುರ್ಚಿಯಲ್ಲಿ ಕುಂತದ್ದು ಕಡಿಮೆ, ಮೇಜಿನ ಕೆಳಗೆ ಬೋರಲು ಬಿದ್ದದ್ದೇ ಹೆಚ್ಚು.

ನಮ್ಮ ಕಚೇರಿಯಲ್ಲಿ ಒಂದು ಕಪ್ಪು ಪೆಟ್ಟಿಗೆ ಇದೆ. ಅದರಲ್ಲಿ ವರ್ಚುವಲೈಸೇಷನ್ ಸಾಫ್ಟ್‌ವೇರ್ ಹಾಕಿದ್ದೇವೆ. ಅಂದರೆ ಒಂದೇ ಪೆಟ್ಟಿಗೆಯೊಳಗೆ ಬೇರೆ ಬೇರೆ ಕಂಪ್ಯೂಟರುಗಳು ಇದ್ದ ಹಾಗೆ ಕೆಲಸ ನಡೆಯುತ್ತದೆ. ಸೀರೆಯ ದಡಿ, ಅಂದರೆ ಅಂಚಿನ ಚಿತ್ತಾರ, ಬರೆಯುವ ನಮ್ಮ ಪ್ರೋಗ್ರಾಂ ಹಳೆಯ ವಿಂಡೋಸ್ ಬಿಟ್ಟರೆ ಬೇರೆಲ್ಲೂ ಓಡುವುದಿಲ್ಲ. ಅದಕ್ಕೆಂದೇ ಆ ಹಳೆಯ ಕಂಪ್ಯೂಟರನ್ನು ಇಡಿಯಾಗಿ ಈ ಪೆಟ್ಟಿಗೆಯೊಳಗೆ ತಂದು ಕೂರಿಸಿದ್ದೆ. ಪೆಟ್ಟಿಗೆಗೆ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ನನ್ನ ಮೇಜಿನ ಕಂಪ್ಯೂಟರಿನ ಬ್ರೌಸರಿನಲ್ಲಿ ಅದರ ವಿಳಾಸ ಹೊಡೆದರೆ ಆಡಳಿತದ ಪುಟ ಬರುತ್ತದೆ. ಒಳಗಿನ ಕಂಪ್ಯೂಟರನ್ನು ಎಬ್ಬಿಸುವುದು, ಮಲಗಿಸುವುದು ಎಲ್ಲ ಆ ಪುಟದಿಂದಲೇ. ಪುಟ ಬರಲಿಲ್ಲವೆಂದರೆ ಸುತ್ತಲಿನ ಊರುಗಳ ನೇಕಾರರು ಬರೆಸಿಟ್ಟ ಅಷ್ಟೂ ದಡಿಗಳು ಒಳಗೇ ಬಂದಿ.

ಹಬ್ಬ ಮುಗಿದು ಕಚೇರಿ ತೆರೆದ ದಿನ ಪುಟ ಬರಲಿಲ್ಲ. ‘ಈ ಸೈಟನ್ನು ತಲುಪಲಾಗುತ್ತಿಲ್ಲ’ ಎಂದು ಬ್ರೌಸರ್ ಮುಖ ಗಂಟು ಹಾಕಿಕೊಂಡು ಕೂತಿತು. ವಿಳಾಸದ ಮುಂದಿನ ಎಚ್‌ಟಿಟಿಪಿಎಸ್ ಬಿಟ್ಟೆನೇನೋ, ಕೊನೆಯ ಪೋರ್ಟ್ ಅಂಕಿ ತಪ್ಪಿದೆನೇನೋ ಎಂದು ಒಂದೊಂದೇ ಅಕ್ಷರ ನೋಡಿ ಹೊಡೆದೆ. ಬೇರೆ ಬ್ರೌಸರ್ ಹಾಕಿದೆ. ಬ್ರೌಸರಿನ ಹಳೆಯ ನೆನಪನ್ನೆಲ್ಲ ಅಳಿಸಿದೆ. ನನ್ನ ಕಂಪ್ಯೂಟರನ್ನು ಮುಚ್ಚಿ ತೆರೆದೆ. ಮೇಜಿಗೊಂದು ಗುದ್ದಿಯೂ ಆಯಿತು. ಊಹೂಂ.

ಅಷ್ಟರಲ್ಲಿ ಗದ್ವಾಲದಿಂದ ಚಿಕ್ಕವ್ವನ ಫೋನು. ಚಿಕ್ಕವ್ವ ಅಂದರೆ ನನ್ನ ತಾಯಿಯ ತಂಗಿ, ಗದ್ವಾಲ ಸೀರೆ ನೇಯುವವಳು. ದಡಿಯ ಚಿತ್ರ ಮೂಡಿಸಲು ಅವಳ ಜಕಾರ್ಡ್ ಮಗ್ಗಕ್ಕೆ ಏರಿಸುವ ತೂತಿನ ರಟ್ಟುಗಳನ್ನು ಹಬ್ಬದ ಗದ್ದಲದಲ್ಲಿ ಇಲಿಗಳು ಕಡಿದುಹಾಕಿದ್ದವು. ಹೊಸ ರಟ್ಟು ಹೊಡೆಸಲು ದಡಿಯ ಚಿತ್ರ ಬೇಕು. ಅದು ಅವಳೇ ಕಟ್ಟಿದ ದಡಿ. ತವರೂರಾದ ಗಟ್ಟು ಕಡೆಯ ಹೊಲದ ಬದುವಿನಲ್ಲಿ ಅರಳುವ ತಂಗಡಿ ಹೂವನ್ನು ದಡಿಗೆ ತರಬೇಕೆಂದು ನನ್ನ ಪಕ್ಕದಲ್ಲಿ ಕುಂತು, ಪರದೆಯ ಚೌಕದ ಮನೆಗಳ ಮೇಲೆ ಬೆರಳಿಟ್ಟು, ‘ಇಲ್ಲೊಂದು ಮನಿ ಬಿಡವ್ವಾ, ಇಲ್ಲೊಂದು ಮನಿ ತುಂಬು’ ಎಂದು ಹೇಳಿ ಹೇಳಿ ಬರೆಸಿದ್ದಳು. ಕಾಗದದ ಮೇಲೆ ಅದು ಯಾವತ್ತೂ ಇರಲೇ ಇಲ್ಲ. ಅದರ ನಕಲು ಇತ್ತು, ಅದೂ ಅದೇ ಪೆಟ್ಟಿಗೆಯೊಳಗೆ. ಹೊರಗೊಂದು ಡಿಸ್ಕ್ ಕೊಡಿಸಿ ಎಂದು ಸಂಘದವರನ್ನು ಕೇಳಿ ಕೇಳಿ ನನ್ನ ಬಾಯಿ ಸವೆದಿತ್ತು.

ವಿಷಯ ಹೇಳಿದೆ.

“ಹಾಸಿನ ನೂಲು ಮಗ್ಗದ ಮ್ಯಾಗ ಕುಂತೈತವ್ವಾ,” ಎಂದಳು. “ದಡಿ ಸಿಗಲಿಲ್ಲಂದ್ರ?”

“ಪೆಟಿಗಿ ಮಾರಿದ ಕಂಪನ್ಯಾವ್ರ ಕಡೆ ತಯಾರಿದ್ದ ಡಿಸೈನ್ ಅದಾವಂತ ಚಿಕ್ಕವ್ವ. ಯಾವುದಾರ ಒಂದು…”

“ಮಂದಿ ಹೂವು ನಾ ನೇಯಂಗಿಲ್ಲ. ಮಗ್ಗ ಖಾಲಿ ಬಿದ್ರೂ ಬೀಳಲಿ.”

ಫೋನು ಇಟ್ಟಳು. ಆ ದಡಿ ಹೋದರೆ ಅವಳು ಇನ್ನೊಂದು ಬರೆಸುವವಳಲ್ಲ ಎಂದು ನನಗೆ ಗೊತ್ತಿತ್ತು.

ಪೆಟ್ಟಿಗೆ ಮಾರಿದ ಹೈದರಾಬಾದಿನ ಕಂಪನಿಯವನಿಗೆ ಫೋನು ಹಚ್ಚಿದೆ. ಪೆಟ್ಟಿಗೆಯನ್ನು ಕಣ್ಣಿಂದ ನೋಡದೆಯೇ “ಪೋಯಿಂದಮ್ಮಾ, ಡಿಸ್ಕ್ ಪೋಯಿಂದಿ” ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟ, ಡಿಸ್ಕ್ ಹೋಯಿತಂತೆ. ಗಾಡಿ ತರುತ್ತಾನಂತೆ, ಪೆಟ್ಟಿಗೆ ಒಯ್ದು ಎಲ್ಲ ಅಳಿಸಿ ಹೊಸದಾಗಿ ಹಾಕುತ್ತಾನಂತೆ, ಹಳೆಯ ದಡಿಗಳ ಖಾತರಿ ಇಲ್ಲವಂತೆ. ಇನ್ನು ಮುಂದೆ ಡಿಸೈನುಗಳೆಲ್ಲ ಅವರ ಕಂಪನಿಯಲ್ಲೇ ಇರುತ್ತವೆ, ನಾವು ಇಲ್ಲಿಂದ ನೋಡಿಕೊಂಡರಾಯಿತಂತೆ. ನಮ್ಮ ದಡಿ ನೋಡಲು ನಾವು ಅವನನ್ನು ಕೇಳಬೇಕು! ನನ್ನ ಪಿತ್ತ ನೆತ್ತಿಗೇರಿತು.

ಸಂಘದ ಸೆಕ್ರೆಟರಿ ನಮ್ಮ ಓಣಿಯವರ ದೂರದ ನಂಟ, ನಾನು ಕಾಕಾ ಅನ್ನುತ್ತೇನೆ. ಒಳ್ಳೆಯ ಮನುಷ್ಯ, ಆದರೆ ಹೈದರಾಬಾದ್ ಎಂಬ ಹೆಸರು ಕೇಳಿದರೆ ಎದ್ದು ನಿಲ್ಲುತ್ತಾರೆ.

“ಕೊಟ್ಟು ಕಳಸೂಣವ್ವಾ. ಅವ್ರು ಕಲ್ತೋರು, ಅವರಿಗೆ ಗೊತ್ತಿರ್ತೈತಿ.”

“ನಾನೇನು ದನ ಕಾಯಾಕ ಬಂದೀನೇನ್ರೀ ಕಾಕಾ? ಗಾಡಿ ಬರೂತನಕ ಪೆಟಿಗಿ ನನ್ನ ಹಂತ್ಯಾಕ ಇರ್ತೈತಿ. ಯಾರೂ ಮುಟ್ಟಬ್ಯಾಡ್ರಿ.”

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದೆ. ಕಾಕಾ ಕ್ರಿಕೆಟ್ ನೋಡುವ ಟಿವಿಯನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಗೆ ಜೋಡಿಸಿದೆ. ಕರಿಯ ಪರದೆ ಬೆಳಗಿತು, ಬಿಳಿಯ ಅಕ್ಷರ ಮೂಡಿತು: ಇದು ನನ್ನ ವಿಳಾಸ, ಬ್ರೌಸರಿನಲ್ಲಿ ಇದನ್ನು ತೆರೆಯಿರಿ.

“ನೋಡ್ರೀ ಕಾಕಾ! ಸತ್ತದ್ದು ಎಲ್ಲಾರ ತನ್ನ ಮನಿ ವಿಳಾಸ ಹೇಳ್ತೈತೇನ್ರೀ?” ಎಂದು ಕೂಗಿದೆ. ಓಣಿಗೆಲ್ಲ ಕೇಳಿಸಿರಬೇಕು.

ಕಂಪ್ಯೂಟರ್ ಬದುಕಿದೆ, ವಿಳಾಸವೂ ಅದೇ. ಆದರೆ ನನ್ನ ಮೇಜಿನಿಂದ ಪಿಂಗ್ ಮಾಡಿ ಕರೆದರೆ ಓಗೊಡುತ್ತಿಲ್ಲ. ಹಾಗಾದರೆ ಕೆಟ್ಟಿರುವುದು ನಡುವಿನ ದಾರಿ. ನಡುವೆ ಇರುವುದು ಒಂದು ಕೇಬಲ್. ಕೇಬಲಿನ ತುದಿಯಲ್ಲಿ ಹಸಿರು ದೀಪ ಹತ್ತಿತ್ತು, ಹೀಗಾಗಿ ನಿನ್ನೆ ನಾನು ಅದನ್ನು ಸಂಶಯಿಸಿರಲೇ ಇಲ್ಲ. ಈಗ ಮೊಬೈಲಿನ ಟಾರ್ಚ್ ಹಿಡಿದು ಮೇಜಿನ ಕೆಳಗೆ ನುಸುಳಿ ಪೆಟ್ಟಿಗೆಯ ಬೆನ್ನು ನೋಡಿದೆ. ಅಲ್ಲಿ ಅಕ್ಕಪಕ್ಕದಲ್ಲಿ ಎರಡು ಕಿಂಡಿಗಳು. ಆಡಳಿತದ ಪುಟ ಹೊರಗೆ ಬರುವುದು ಒಂದರಿಂದ ಮಾತ್ರ; ಇನ್ನೊಂದನ್ನು ನಾನು ಬಳಕೆಗೆ ತಂದೇ ಇಲ್ಲ. ಕೇಬಲ್ ಆ ಇನ್ನೊಂದರಲ್ಲಿತ್ತು. ಸರಿಯಾದ ಕಿಂಡಿಯ ಬಾಯಲ್ಲಿ ಕೆಂಪಗೆ ಏನೋ ಒಣಗಿ ಕೂತಿತ್ತು.

ಕುಂಕುಮ.

ನಮ್ಮಲ್ಲಿ ದಸರೆಯ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ಮಗ್ಗ ತೊಳೆದು ವಿಭೂತಿ ಹಚ್ಚಿ ಕುಂಕುಮ ಇಡುತ್ತಾರೆ. ಇಡೀ ಮಗ್ಗಕ್ಕೆ ಒಂದು ಬೊಟ್ಟಿಟ್ಟು ಕೈ ಮುಗಿದರೆ ಸಾಲದು. ಲಾಳಿಗೊಂದು, ಹಣಿಗೆಗೊಂದು, ತುಳಿಯುವ ಮಣೆಗೊಂದು, ಕೆಲಸ ಮಾಡುವ ಪ್ರತಿ ಅಂಗಕ್ಕೂ ಬೊಟ್ಟು ಬೀಳಲೇಬೇಕು. ಒಂದನ್ನು ಬಿಟ್ಟರೆ ಅದು ವರ್ಷವಿಡೀ ಮುನಿಸಿಕೊಳ್ಳುತ್ತದೆ ಎಂದು ಹಿರಿಯರು ಗದರುತ್ತಾರೆ.

“ಕಾಕಾ, ಪೆಟಿಗಿ ಪೂಜಿ ಯಾರು ಮಾಡಿದ್ರೀ?”

“ನಾನ ಮಾಡೀನವ್ವಾ. ಮತ್ತೊಬ್ರು ಮಾಡಿದ್ರ ಕೆಡಸ್ತಾರಂತ ವಾಯರ್ ಎಲ್ಲಾ ಬಿಚ್ಚಿ ನಾನ ಒರಸೀನಿ. ಎಲ್ಲದಕ್ಕೂ ಬೊಟ್ಟು ಇಟ್ಟೀನಿ, ಒಂದೂ ಬಿಟ್ಟಿಲ್ಲ.”

“ಕಿಂಡಿಗೂ?”

“ಅದರಾಗಿಂದಲೇ ಅಲ್ಲೇನು ಎಲ್ಲಾ ಹೋಗಿ ಬರೂದು?” ಎಂದ ಕಾಕಾರ ದನಿ ಇಳಿಯಿತು. “ಆಮ್ಯಾಲ ವಾಯರ್ ಹೋಗವಲ್ದಾತು. ಬಾಜೂದ್ರಾಗ ಸಲೀಸ ಹೋತು, ದೀಪಾನೂ ಹತ್ತಿತು…”

ನನಗೆ ನಗು ತಡೆಯಲಾಗಲಿಲ್ಲ. ಮೇಜಿನ ಕೆಳಗೇ ಹೊಟ್ಟೆ ಹಿಡಿದುಕೊಂಡು ನಕ್ಕೆ. “ಕೈ ಬಾಳ ಉದಾರ ಐತ್ರೀ ನಿಮ್ಮದು” ಎಂದೆ. ಪೆಟ್ಟಿಗೆ ಬಂದ್ ಮಾಡಿ, ಅಂಗಡಿಯಿಂದ ಹೊಸ ಹಲ್ಲುಜ್ಜುವ ಬ್ರಷ್ ತರಿಸಿ, ಒಣಗಿದ ಕುಂಕುಮವನ್ನು ಮೆಲ್ಲಗೆ ಕೆರೆದು ತೆಗೆಯತೊಡಗಿದೆ.

ಅದೇ ಹೊತ್ತಿಗೆ ಹೈದರಾಬಾದಿನ ಗಾಡಿ ಬಾಗಿಲಿಗೆ ಬಂತು. ಕಂಪನಿಯವನು ಒಳಗೆ ಬಂದು ನನ್ನ ಕೈಯಲ್ಲಿನ ಕೆಂಪು ಬ್ರಷ್ ನೋಡಿ ಸಂಗತಿ ಕೇಳಿದ. ಕಾಕಾ ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಅವನು ಹಲ್ಲು ಕಿರಿದ. ಇದಕ್ಕೇ ಇಂಥ ಯಂತ್ರಗಳನ್ನು ನಿಮ್ಮಂಥವರ ಕೈಗೆ ಕೊಡಬಾರದು ಎಂದ. ಕಾಕಾ ತಲೆ ತಗ್ಗಿಸಿದ್ದನ್ನು ಕಂಡು ನನ್ನ ಮೈಯೆಲ್ಲ ಉರಿಯಿತು.

“ಬೊಟ್ಟು ಇಟ್ಟವ್ರು ತಾವು ಇಟ್ಟೀವಂತ ಒಪ್ಪಿಕೊಂಡ್ರು. ನೋಡ್ಲಾರದ ಡಿಸ್ಕ್ ಹೋಗೈತಿ ಅಂದಾವ್ರು ನೀವು, ಅದಕೇನಂತೀರಿ?” ಎಂದೆ.

ಕೇಬಲನ್ನು ಅದರ ಕಿಂಡಿಗೆ ಹಾಕಿದೆ. ಟಕ್ಕೆಂದು ಕೂತಿತು. ಪೆಟ್ಟಿಗೆ ಚಾಲೂ ಮಾಡಿ, ಅದು ಏಳುವವರೆಗೆ ಕಾದು, ಮೇಜಿಗೆ ಬಂದು ವಿಳಾಸ ಹೊಡೆದೆ. ಪುಟದ ಬದಲು ಕೆಂಪು ಎಚ್ಚರಿಕೆ ಬಂತು: ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ. ಕಾಕಾ ಗಾಬರಿಬಿದ್ದರು. ಕಂಪನಿಯವನು ‘ನಾನು ಹೇಳಿರಲಿಲ್ಲವೇ’ ಎಂಬಂತೆ ಹುಬ್ಬೇರಿಸಿದ. ಆ ಎಚ್ಚರಿಕೆ ಮೊದಲಿಂದಲೂ ಇದ್ದದ್ದೇ. ಬ್ರೌಸರಿನ ನೆನಪು ನಾನೇ ಅಳಿಸಿದ್ದರಿಂದ ಮತ್ತೆ ಕೇಳುತ್ತಿತ್ತು. ಯಂತ್ರ ತನ್ನ ಗುರುತಿನ ಚೀಟಿಗೆ ತಾನೇ ಸಹಿ ಹಾಕಿಕೊಂಡಿದೆ, ಹೊರಗಿನವರ ಮೊಹರಿಲ್ಲ ಎಂದು ಬ್ರೌಸರಿನ ತಕರಾರು ಅಷ್ಟೆ. ವೈರಿನ ಆ ತುದಿ ನನ್ನ ಕಣ್ಣೆದುರಿಗೇ ಇದೆ, ನಾನ್ಯಾಕೆ ಅಂಜಲಿ? ಮುಂದೆ ಹೋಗು ಎಂದು ಒತ್ತಿದೆ.

ಪುಟ ಬಂತು. ಒಳಗಿನ ಹಳೆಯ ಕಂಪ್ಯೂಟರನ್ನು ಎಬ್ಬಿಸಿದೆ. ಅದು ಆಕಳಿಸುತ್ತ, ಸಾವಕಾಶವಾಗಿ ಎದ್ದಿತು. ಅವಸರದಲ್ಲಿ ಎರಡು ಸಲ ತಪ್ಪು ಫೈಲ್ ತೆರೆದೆ. ಆಮೇಲೆ ಪರದೆಯ ತುಂಬ ತಂಗಡಿ ಹೂ ಅರಳಿತು, ಒಂದು ಮನೆಯೂ ಆಚೀಚೆ ಆಗಿರಲಿಲ್ಲ. ನನಗೆ ಅಳು ಬಂತು, ಯಾರು ನೋಡಿದರೂ ನೋಡಲಿ ಎಂದು ಅತ್ತೆ. ಕಂಪನಿಯವನು ಬಗ್ಗಿ ನೋಡಿ, “ಚಾಲಾ ಬಾಗುಂದೇ!” ಎಂದ. ಬಹಳ ಚೆನ್ನಾಗಿದೆಯಲ್ಲ ಎಂದು. ಗಾಡಿ ಖಾಲಿಯಾಗಿಯೇ ಹಿಂದಕ್ಕೆ ಹೋಯಿತು.

ಆ ವಾರ ಚಿತ್ರ ತೆಗೆದುಕೊಂಡು ನಾನೇ ಗದ್ವಾಲಕ್ಕೆ ಹೋದೆ. ಚಿಕ್ಕವ್ವ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗಲೇ ನನ್ನ ಫೋನು ಬಡಿದುಕೊಂಡಿತು. ಅದೇ ಕಂಪನಿಯವನು, ಸ್ಪೀಕರ್ ಹಾಕಿದೆ. ಈಗ ದನಿ ಬೆಣ್ಣೆಯಾಗಿತ್ತು. ಆ ತಂಗಡಿ ಹೂವಿನ ಫೈಲ್ ಕಳಿಸಿದರೆ ತಮ್ಮ ಸಂಗ್ರಹಕ್ಕೆ ಹಾಕಿಕೊಳ್ಳುತ್ತಾರಂತೆ, ಊರೂರಿನ ಮಗ್ಗಗಳಿಗೆ ಹೋಗುತ್ತದಂತೆ. ನಾನು ಬಾಯಿ ತೆರೆಯುವುದರೊಳಗೆ ಚಿಕ್ಕವ್ವ ಫೋನು ಕಸಿದುಕೊಂಡಳು. ಸಂತೆಯಲ್ಲಿ ಪಟಪಟ ತೆಲುಗು ಆಡುವವಳು, ಅವತ್ತು ಬೇಕೆಂದೇ ಕನ್ನಡದಲ್ಲಿ ಹೇಳಿದಳು:

“ಸೀರಿ ಬೇಕಂದ್ರ ಬರ್ರಿ, ನೇಯ್ದು ಕೊಡ್ತೀನಿ. ದಡಿ ಕೊಡಂಗಿಲ್ಲ.”

ಅವನಿಗೆ ತಿಳಿದಿರಬೇಕು, ಮತ್ತೆ ಫೋನು ಬರಲಿಲ್ಲ.

ಮರುದಿನ ಕಚೇರಿಗೆ ಬಂದು ಆಡಳಿತದ ಪುಟ ತೆರೆದೆ. ಪೆಟ್ಟಿಗೆ ಮಾರುವಾಗ ಕಂಪನಿಯವರು ಅದರೊಳಗೆ ಹೋಗಿ ನೋಡಲು ತಮಗೆಂದು ಒಂದು ಲಾಗಿನ್ ಇಟ್ಟುಕೊಂಡಿದ್ದರು. ಅದರ ಮೇಲೆ ಬೆರಳಿಟ್ಟು ಅಳಿಸು ಎಂದೆ. ಖಚಿತವೇ ಎಂದು ಪುಟ ಕೇಳಿತು. ಹೌದು ಎಂದು ಒತ್ತಿದೆ.