ಸಿದ್ದರಾಮುವಿನ ಬಲಗಣ್ಣು

ಹಲಗೂರಿನ ಸಿದ್ದರಾಮು ಉಸಿರು ಬಿಗಿಹಿಡಿದು ಕಬ್ಬಿನ ಹೊರೆಯನ್ನು ಟ್ರ್ಯಾಕ್ಟರಿಗೆ ಎತ್ತಿಹಾಕಿದ. ಆ ಕ್ಷಣವೇ ಬಲಗಣ್ಣಿಗೆ ಕೆಂಪು ಪರದೆ ಇಳಿದಂತಾಯಿತು. ನೋವಿರಲಿಲ್ಲ. ಆದರೆ ಟ್ರ್ಯಾಕ್ಟರ್ ಓಡಿಸಿ ಬದುಕುವವನಿಗೆ ಭಯವಾಯಿತು.

"ಗರಿ ಚುಚ್ಚೈತೆ ಕಣ್ಲಾ, ಬಾಣಂತಿ ಆಲು ಬುಟ್ರೆ ಓಯ್ತದೆ," ಎಂದು ಅವ್ವ ಚಿಕ್ಕಬೋರಮ್ಮ ಪಕ್ಕದ ಮನೆಯಿಂದ ಎದೆಹಾಲು ತಂದು ಕಣ್ಣಿಗೆ ಬಿಟ್ಟಳು. ಪರದೆ ಸರಿಯಲಿಲ್ಲ.

ಮರುದಿನ ಅವ್ವನೇ ಅವನನ್ನು ಮಳವಳ್ಳಿಗೆ ಕರೆದೊಯ್ದು, ಎದೆಹಾಲು ಬಿಟ್ಟದ್ದನ್ನೂ ಹೇಳಿದಳು. ಕಣ್ಣಿನ ಡಾಕ್ಟರು ಪರೀಕ್ಷಿಸಿದರು. "ಉಸಿರು ಕಟ್ಟಿ ತಿಣುಕಿದ್ದಕ್ಕೆ ಒಳಗಿನ ಸಣ್ಣ ರಕ್ತನಾಳ ಒಡೆದಿದೆ. ರಕ್ತ ತಾನಾಗೇ ಕರಗುತ್ತೆ, ದೃಷ್ಟಿ ಬರುತ್ತೆ. ಭಾರ ಎತ್ತಬೇಡಪ್ಪ. ಆ ಹಾಲನ್ನ ಮಗು ಕುಡೀಲಿ ಬಿಡಮ್ಮ," ಎಂದರು.

ಪರದೆ ದಿನದಿನಕ್ಕೆ ತೆಳುವಾಯಿತು. ತಿಂಗಳು ಕಳೆದ ಮೇಲೊಂದು ಬೆಳಿಗ್ಗೆ ಸಿದ್ದರಾಮು ಎಡಗಣ್ಣು ಮುಚ್ಚಿ ಅವ್ವನನ್ನು ದಿಟ್ಟಿಸಿದ.

"ನಿನ್ ಗಲ್ಲದ್ ಮೇಲಿನ ಬಿಳಿ ಕೂದ್ಲೂ ಕಾಣ್ತದೆ ಕಣವ್ವ."

"ಸಾಕು, ಟ್ರ್ಯಾಕ್ಟರ್ ತೆಗೀಲಾ," ಎಂದು ಗದರಿದ ಅವ್ವ ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡಳು.